ದೀಪ ಹಚ್ಚದ ಗಾಡಿ

ಹೋದ ತಿಂಗಳು ನಮ್ಮ ಅಡಿಗೆಮನೆಯ ಸ್ವಿಚ್ ಬೋರ್ಡಿನಲ್ಲಿ ಒಂದು ವೈರು ಸುಟ್ಟಿತು. ಬೆಂಕಿಯೇನೂ ಹತ್ತಲಿಲ್ಲ. ಚಿಟಿಚಿಟಿ ಸದ್ದಾಯಿತು, ಒಂದೆಳೆ ಹೊಗೆ ಎದ್ದಿತು, ಅಷ್ಟಕ್ಕೇ ತಣ್ಣಗಾಯಿತು. ರಿಪೇರಿಗೆ ಬಂದ ಹುಡುಗ ಬೋರ್ಡು ಬಿಚ್ಚಿ, ಕರಿ ಹಿಡಿದ ತುಂಡನ್ನು ಕತ್ತರಿಸಿ ನನ್ನ ಕೈಗಿಟ್ಟು ಹೋದ. ನಾನು ಅದನ್ನು ಮೂಸಿ ನೋಡಿದೆ. ಯಾರಾದರೂ ಕಂಡಿದ್ದರೆ ನಕ್ಕಿರುತ್ತಿದ್ದರು. ಬೇರೆಯವರಿಗೆ ಬಾಲ್ಯದ ವಾಸನೆ ಎಂದರೆ ಕಾಸಿದ ತುಪ್ಪದ್ದೋ, ಹೊಸ ಪುಸ್ತಕದ್ದೋ ಇರುತ್ತದೆ. ನನಗೆ ಮಾತ್ರ ಅದು ಸುಟ್ಟ ರಬ್ಬರಿನ ವಾಸನೆ, ರಬ್ಬರಿನ ಮೇಲೆ ಹೆಣೆದಿದ್ದ ಹತ್ತಿ ದಾರ ಕರಕಲಾದ ವಾಸನೆ. ಅದು ಮೂಗಿಗೆ ಬಡಿದರೆ ಮೊದಲು ಬರುವುದು ಸಿಟ್ಟು. ಖಾನಾಪುರದ ಮನೆ, ಆ ಮನೆಯ ಮಂದಿ, ನಮ್ಮ ಕುಸುಮತ್ತಿ, ಎಲ್ಲ ಆಮೇಲೆ ಬರುತ್ತಾರೆ. ಇಷ್ಟು ವರ್ಷವಾದ ಮೇಲೂ ಸಿಟ್ಟೇ ಮುಂದೆ ಯಾಕೆ ಬರುತ್ತದೆ ಎಂದು ಕೇಳಿದರೆ, ಆ ಗಾಡಿಯ ವೈರಿಂಗಿನ ಕತೆಯನ್ನೇ ಹೇಳಬೇಕಾಗುತ್ತದೆ.

ನಮ್ಮ ಮನೆ ಮಲಪ್ರಭೆಯ ಕಡೆ ಇಳಿಯುವ ದಾರಿಯಲ್ಲಿತ್ತು. ಗಾಳಿ ತಿರುಗಿದ ದಿನ ಊರಾಚೆಯ ಹಂಚಿನ ಭಟ್ಟಿಗಳ ಹೊಗೆ ಅಂಗಳಕ್ಕೆ ಬಂದು, ಒಣಗಲು ಹಾಕಿದ ಸೀರೆಗಳಿಗೆ ಸುಟ್ಟ ಮಣ್ಣಿನ ವಾಸನೆ ಅಂಟುತ್ತಿತ್ತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ಹಾಗಾಗಿ ಉಳಿದ ಮನೆಗಳಲ್ಲಿ ಸಂಜೆ ಎಂದರೆ ಕಾಲು ಚಾಚಿ ಕೂರುವ ಹೊತ್ತಾದರೆ ನಮ್ಮಲ್ಲಿ ಅದೇ ದಿನದ ದೊಡ್ಡ ಗಡಿಬಿಡಿ. ಬಿಸಿಲು ಹಿತ್ತಲ ಗೋಡೆ ಏರುತ್ತಿದ್ದಂತೆ ಆಯಿಯ ಸ್ವರವೂ ಏರುತ್ತಿತ್ತು. ಆಯಿ ಎಂದರೆ ನಮ್ಮಪ್ಪನ ತಾಯಿ. "ಏಳ್ರಿ, ಹೊತ್ತು ಇಳೀತು, ತಾಟ ಹಾಕ್ರಿ" ಎಂದು ಅವಳು ಒಂದು ಸಲ ಕೂಗಿದರೆ ಅಂಗಡಿಯಲ್ಲಿದ್ದವರು, ಆಟಕ್ಕೆ ಹೋದವರು, ಓದುತ್ತ ಕೂತವರು ಎಲ್ಲ ಒಳಗೆ. ಒಲೆಯ ಮೇಲಿಂದ ಇಳಿದ ರೊಟ್ಟಿ, ಉಳ್ಳಾಗಡ್ಡಿ ಇಲ್ಲದ ಬದನೆಕಾಯಿ ಪಲ್ಯ, ಹೆಸರುಬೇಳೆ ಸಾರು, ಕೆನೆಮೊಸರು. ಪಡಸಾಲೆಯ ಕಿಟಕಿಯಿಂದ ಬರುವ ಕೊನೆಯ ಬೆಳಕಿನಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದೆವು. ಕೈ ತೊಳೆಯುವಾಗ ಅಂಗಳ ಕೆಂಪಾಗಿರುತ್ತಿತ್ತು. ಹೊಟ್ಟೆ ತುಂಬಿದ ಮೇಲೆ ಕತ್ತಲಾಗುವುದು ಎಂಥ ನೆಮ್ಮದಿ ಎಂಬುದು ಆ ಮನೆಯಲ್ಲಿ ಬೆಳೆದವರಿಗೇ ಗೊತ್ತು. ಆ ನೇಮದ ಬಗ್ಗೆ ನಾನು ಇವತ್ತಿಗೂ ಹಗುರಾಗಿ ಮಾತಾಡುವುದಿಲ್ಲ. ನನ್ನ ಜಗಳ ನೇಮದ ಜೊತೆಗಲ್ಲ.

ಅಜ್ಜ ಈ ನೇಮವನ್ನು ಗಾಡಿಗೂ ಹಚ್ಚಿದ್ದ. ಅವನ ಹತ್ತಿರ ಒಂದು ಹಳೆಯ ವಿಲಾಯತಿ ಕಾರಿತ್ತು. ಕಡುಹಸಿರು ಬಣ್ಣ, ಕಪ್ಪೆಯ ಕಣ್ಣಿನ ಹಾಗೆ ಉಬ್ಬಿದ ಎರಡು ದೀಪ, ಒಳಗೆ ಚರ್ಮದ ಸೀಟು. ನಾವು ಅದನ್ನು ಬರೇ 'ಗಾಡಿ' ಎನ್ನುತ್ತಿದ್ದೆವು, ಓಣಿಯಲ್ಲಿ ಬೇರೆ ಗಾಡಿ ಇರಲಿಲ್ಲ. ಕತ್ತಲೆಯಲ್ಲಿ ಓಡಿಸಿದರೆ ದೀಪದ ಬೆಳಕಿಗೆ ಹುಳ ಬಂದು ಗಾಜಿಗೆ ಬಡಿದು ಸಾಯುತ್ತವೆ, ಅದು ನಮ್ಮ ಕೈಯಿಂದಲೇ ಆದ ಹಿಂಸೆ ಎಂಬುದು ಅವನ ಲೆಕ್ಕ. ಬೆಳಗಾವಿಗೆ ಹೋದರೂ ಲೋಂಡಾಕ್ಕೆ ಹೋದರೂ ಹೊತ್ತು ಇರುವಾಗಲೇ ಗಾಡಿ ಕೊಟ್ಟಿಗೆಗೆ ಬರಬೇಕು. ಆ ಎರಡು ದೊಡ್ಡ ದೀಪಗಳು ಉರಿದದ್ದನ್ನು ನಾನು ಸಣ್ಣವಳಿದ್ದಾಗ ಒಮ್ಮೆಯೂ ಕಂಡಿರಲಿಲ್ಲ. ಬಟ್ಟೆಯಿಂದ ಒರೆಸುವುದನ್ನು ಮಾತ್ರ ಕಂಡಿದ್ದೆ.

ಆ ಗಾಡಿ ನಡೆಸುವುದನ್ನು ಅಜ್ಜ ಕಲಿಸಿದ್ದು ಗಂಡುಮಕ್ಕಳಿಗಲ್ಲ, ಮಗಳಿಗೆ. ಕುಸುಮತ್ತಿ ನಮ್ಮಪ್ಪನ ಅಕ್ಕ. ಮದುವೆಯಾಗಿ ಸಾಂಗಲಿ ಕಡೆ ಹೋದವಳು ಎರಡು ಮಳೆಗಾಲ ಕಳೆಯುವುದರೊಳಗೆ ಒಂದು ಟ್ರಂಕು ಹಿಡಿದು ತಾನೇ ರೈಲು ಹತ್ತಿ ತವರಿಗೆ ಬಂದಳಂತೆ. ಯಾಕೆ ಎಂದು ಅಜ್ಜ ಕೇಳಲಿಲ್ಲ, ತಿರುಗಿ ಹೋಗು ಎಂದೂ ಅನ್ನಲಿಲ್ಲ. ಮೂಲೆಯಲ್ಲಿ ಕೂರುವುದು ಬೇಡ ಎಂದು ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿದ. ಆಮೇಲೆ ಅವಳು ಶಿಕ್ಷಕಿಯ ತರಬೇತಿ ಮುಗಿಸಿ ನಂದಗಡದ ಸಾಲಿಯಲ್ಲಿ ಕೆಲಸ ಹಿಡಿದಳು. ದಿನಾ ಮುಂಜಾನೆ ಬಿಳಿ ವಾಯಿಲ್ ಸೀರೆಯ ಸೆರಗನ್ನು ನಡುವಿಗೆ ಸಿಗಿಸಿ, ಗಾಡಿ ಹೊರತೆಗೆದು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ನಂದಗಡಕ್ಕೆ ಹೊರಡುತ್ತಿದ್ದಳು. ಸಂತೆಯ ದಿನ ದಾರಿಯುದ್ದಕ್ಕೂ ಬುಟ್ಟಿ ಹೊತ್ತ ಹೆಂಗಸರು ಕೈಮಾಡುತ್ತಿದ್ದರು. ಅತ್ತಿ ನಿಲ್ಲಿಸಿ ಹಿಂದಿನ ಸೀಟು ತುಂಬಿಸುತ್ತಿದ್ದಳು. ಮೆಂತೆಪಲ್ಲೆಯ, ಬೆವರಿನ, ಎಲೆಅಡಿಕೆಯ ವಾಸನೆ ಚರ್ಮದ ಸೀಟಿನ ವಾಸನೆಯೊಡನೆ ಬೆರೆಯುತ್ತಿತ್ತು. "ಅಕ್ಕಾರ, ನಿಮ್ಮ ಗಾಡಿ ಎತ್ತಿನಕಿಂತ ಚಲೋ ಐತ್ರಿ, ಮೇವು ಕೇಳೂದಿಲ್ಲ" ಎಂದು ಒಬ್ಬಳು ಅಂದರೆ, "ಮೇವು ಕೇಳತೈತಬೇ, ನಿನಗ ಗೊತ್ತಿಲ್ಲ" ಎಂದು ಅತ್ತಿ ನಗುತ್ತಿದ್ದಳು. ಅವಳನ್ನು ಗಂಡ ಬಿಟ್ಟವಳು ಎಂದು ಊರು ಗುರುತಿಸಲಿಲ್ಲ. ಗಾಡಿ ಅಕ್ಕಾರು ಎಂದು ಗುರುತಿಸಿತು. ಆ ಕೀಲಿಕೈ ಅವಳ ಸೆರಗಿನ ತುದಿಯಲ್ಲಿ ಇರುವವರೆಗೂ ಅವಳು ಯಾರ ಮನೆಯ ಮೂಲೆಗೂ ಸೇರಿದವಳಾಗಿರಲಿಲ್ಲ. ಇದು ನೆನಪಿರಲಿ, ಯಾಕೆಂದರೆ ಹೋದದ್ದು ಇದೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಹಾಗೆ ಅಜ್ಜ ತೀರಿಕೊಂಡ. ಪೆಟ್ರೋಲು ದುಬಾರಿಯಾಯಿತು, ಗಾಡಿಯ ಎಂಜಿನ್ನೂ ಮುದಿಯಾಯಿತು. ಏರು ಬಂದರೆ ಏದುಸಿರು, ಹಿಂದೆ ನೀಲಿ ಹೊಗೆ. ಆಗ ಎಲ್ಲ ಕಡೆ ಹಳೆಯ ಪೆಟ್ರೋಲ್ ಗಾಡಿಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಕಾಲ. ಅಪ್ಪನ ತಮ್ಮ ಧನಪಾಲ ಕಾಕಾ ಬೆಳಗಾವಿಯ ಕೋಟೆಯ ಹತ್ತಿರದ ಗುಜರಿಯಲ್ಲಿ, ಅಪಘಾತವಾದ ಒಂದು ವ್ಯಾನಿನಿಂದ ಇಳಿಸಿದ ಡೀಸೆಲ್ ಎಂಜಿನ್ ಹುಡುಕಿದ. ಮನೆಯ ಬಟ್ಟೆ ಅಂಗಡಿಯ ವ್ಯವಹಾರ ನೋಡುತ್ತಿದ್ದವನು ಅವನೇ, ಹಾಗಾಗಿ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದೂ ಅವನದೇ. ಗಾಡಿಯನ್ನು ಬೆಳಗಾವಿಗೆ ಎಳೆದುಕೊಂಡು ಹೋಗಿ ಪರಶುರಾಮ ಮಿಸ್ತ್ರಿಯ ಶೆಡ್ಡಿನಲ್ಲಿ ನಿಲ್ಲಿಸಿದರು. ರಜೆಯ ದಿನ ಅತ್ತಿಯ ಜೊತೆ ನಾನೂ ಹೋಗಿದ್ದೆ. ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ನಮ್ಮ ಗಾಡಿ ಬಾನೆಟ್ಟಿಲ್ಲದೆ, ಒಳಗೆ ಏನೂ ಇಲ್ಲದೆ ಬಾಯಿ ತೆರೆದು ನಿಂತಿತ್ತು. ಅದರ ಒಡಲಿನಿಂದ ಹೊರಗೆಳೆದ ವೈರುಗಳು, ದಾರ ಸುತ್ತಿದ ಹಳೆಯ ಕಂದು ವೈರುಗಳು, ಪಕ್ಕದಲ್ಲಿ ಸಿಂಬೆಯಾಗಿ ಬಿದ್ದಿದ್ದವು.

ಮಿಸ್ತ್ರಿ ಮರಾಠಿ ಮಾತಿನವನು, ಕನ್ನಡವನ್ನೂ ಧಾರಾಳವಾಗಿ ಆಡುತ್ತಿದ್ದ, ಹೊಟ್ಟೆ ಕುಣಿಸಿ ನಗುತ್ತಿದ್ದ. ಎಂಜಿನ್ ಕೂರುವುದು ದೊಡ್ಡ ಮಾತಲ್ಲ, ವೈರಿಂಗಿಂದೇ ಮಾತು ಎಂದು ಅವನೇ ವಿಷಯ ತೆಗೆದ. "ನೋಡ್ರಿ ಸಾವ್ಕಾರ, ಮೂರು ದಾರಿ ಅದಾವು. ಹಳೇ ವೈರಿಂಗ್ ಹಂಗ ಇಟ್ಟು, ಪೆಟ್ರೋಲಿಂದು ಏನೈತಿ ಅದನ್ನ ಕಡದು, ಡೀಸೆಲ್ಲಿಗೆ ಬೇಕಾದ್ದು ಜೋಡಸೂದು. ಇಲ್ಲಾ ಆ ವ್ಯಾನಿಂದು ಪೂರಾ ಸೆಟ್ ತಂದು ಇದಕ್ಕ ಕೂಡಸೂದು, ಅದು ಉದ್ದ ಆಕ್ಕತಿ, ಕಡೀಬೇಕು. ಇಲ್ಲಾ ಈ ಗಾಡೀ ಅಳತೀಗೆ ಮೊದಲಿಂದ ಕಡೀತನಕಾ ಹೊಸಾದು ಕಟ್ಟೂದು. ಹ್ಯಾಂಗ ಹೇಳ್ತೀರಿ ಹ್ಯಾಂಗ."

ಅತ್ತಿ ಕಂದು ವೈರಿನ ಸಿಂಬೆಯಿಂದ ಒಂದೆಳೆ ಎತ್ತಿ ಬೆರಳಲ್ಲಿ ಬಗ್ಗಿಸಿದಳು. ದಾರದ ಒಳಗಿನ ರಬ್ಬರು ಒಣಗಿದ ಹಪ್ಪಳದ ಹಾಗೆ ಪುಡಿಪುಡಿಯಾಗಿ ಅವಳ ಬಿಳಿ ಸೀರೆಯ ಮೇಲೆ ಉದುರಿತು. ಅದನ್ನು ತಮ್ಮನಿಗೆ ತೋರಿಸಿದಳು. "ಧನು, ಇದರಾಗ ಏನೂ ಉಳದಿಲ್ಲ. ಪೂರಾ ಹೊಸಾದ ಕಟ್ಟಸು. ಡೀಸೆಲ್ ಗಾಡಿ ಮೈಯೆಲ್ಲಾ ನಡಗತೈತಿ, ಬ್ಯಾಟರೀನೂ ದೊಡ್ಡದು. ಅರ್ಧ ಹೊಸಾದು ಅರ್ಧ ಹಳೇದು ಬ್ಯಾಡ."

ಕಾಕಾ ನಕ್ಕ. ಅವನ ಆ ನಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ, ಅಂಗಡಿಯಲ್ಲಿ ಚೌಕಾಶಿ ಮಾಡುವ ಹೆಂಗಸರನ್ನು ನೋಡಿ ನಗುವಂಥದ್ದು. "ಅಕ್ಕಾ, ಎಂಜಿನ್ ಬಾಜೂದು ಹೊಸಾದು ಹಾಕಸ್ತೀನಿ, ಅದು ದಿನಾ ಬೇಕು. ಹೀಟರ್ ಪ್ಲಗ್, ಸೆಲ್ಫು, ಡೈನಮೋ, ಎಲ್ಲಾ ಹೊಸಾದು. ಆದ್ರ ಲೈಟಿಂದು ಯಾಕ? ನಾವು ಹೊತ್ತು ಮುಳುಗಿದ ಮ್ಯಾಲೆ ಹೋಗೂ ಮಂದೀನ ಅಲ್ಲ. ಅಪ್ಪ ಇದ್ದಾಗ ಒಂದರೆ ದಿನಾ ಹಚ್ಚಿದ್ವೇನು? ಉರೀಲಾರದ ದೀಪಕ್ಕ ಹೊಸಾ ವೈರ್ ಯಾಕ ಬೇಕು?"

ಅವನ ಮಾತು ಕೇಳುವುದಕ್ಕೆ ಎಷ್ಟು ಸರಿಯಾಗಿತ್ತು ನೋಡಿ. ನಮ್ಮ ಮನೆಯಲ್ಲಿ ಹುಟ್ಟಿದವರಿಗೆ ಅದರಲ್ಲಿ ತಪ್ಪು ಹುಡುಕುವುದೇ ಕಷ್ಟ. ಅಜ್ಜನ ಹೆಸರೂ ಬಂದಿತ್ತು, ನೇಮವೂ ಬಂದಿತ್ತು, ಉಳಿತಾಯವೂ ಬಂದಿತ್ತು. ಅತ್ತಿ ಬಿಡಲಿಲ್ಲ. "ಒಂದ ದಿನ ಹಚ್ಚೂ ಪ್ರಸಂಗ ಬಂದ್ರ?" ಎಂದಳು. "ಬರೂದ ಇಲ್ಲ" ಎಂದ ಕಾಕಾ. "ಫ್ಯೂಜರ ಹಾಕಸು." "ಹಾಕ್ತಾರ ತಗೋ." ಅವಳು ಮಿಸ್ತ್ರಿಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿಗೆ ಮುಂಚೆ ಮೂರು ದಾರಿಯನ್ನು ಎಳೆಎಳೆಯಾಗಿ ಬಿಡಿಸಿ ಹೇಳಿದ ಮನುಷ್ಯ ಈಗ ಪಾನದ ಸುಣ್ಣ ತೀಡುತ್ತ, "ನಡೀತೈತ್ರಿ ಅಕ್ಕಾರ, ಟೇಪ್ ಸುತ್ತಿ ಕೊಡ್ತೀನಿ, ದಿವಸಾ ನಡಸೂ ಗಾಡಿಗೆ ಏನೂ ಆಗೂದಿಲ್ಲ" ಎಂದ. ಅವತ್ತು ಅಪ್ಪನೂ ಅಲ್ಲೇ ಇದ್ದ. ಬಾಗಿಲ ಹತ್ತಿರ ನಿಂತು ರಸ್ತೆ ನೋಡುತ್ತಿದ್ದ. ನಮ್ಮಪ್ಪ ಕೆಟ್ಟವನಲ್ಲ. ಆದರೆ ಅಕ್ಕ ತಮ್ಮನ ನಡುವೆ ಬಾಯಿ ಹಾಕಬಾರದು ಎಂಬುದನ್ನು ಅವನು ಜೀವನವಿಡೀ ಸಭ್ಯತೆ ಎಂದು ತಿಳಿದಿದ್ದ. ಅಂಥ ಸಭ್ಯಸ್ಥರನ್ನು ನೀವೂ ನಿಮ್ಮ ಮನೆಗಳಲ್ಲಿ ಕಂಡಿರುತ್ತೀರಿ.

ಗಾಡಿ ತಿರುಗಿ ಬಂತು. ಅದರ ದನಿ ಬದಲಾಗಿತ್ತು. ಮೊದಲು ಗುಂಯ್‌ಗುಡುತ್ತ ಬರುತ್ತಿದ್ದದ್ದು ಈಗ ಹಿಟ್ಟಿನ ಗಿರಣಿಯ ಹಾಗೆ ಧಡಧಡ ಸದ್ದು ಮಾಡುತ್ತಿತ್ತು, ನಿಂತಲ್ಲೇ ನಡುಗುತ್ತಿತ್ತು. ಮುಂಜಾನೆ ಒಂದು ಸ್ವಿಚ್ಚು ಒತ್ತಿ, ಪ್ಲಗ್ಗು ಕಾಯುವವರೆಗೆ ತಾಳಿ, ಆಮೇಲೆ ಸೆಲ್ಫ್ ಹೊಡೆಯಬೇಕು. ಆ ತಾಳುವ ಹೊತ್ತಿನಲ್ಲಿ ಅತ್ತಿ ಕಣ್ಣುಮುಚ್ಚಿ ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದಳು, ಅದು ಮುಗಿಯುವುದಕ್ಕೂ ಪ್ಲಗ್ಗು ಕಾಯುವುದಕ್ಕೂ ಸರಿಹೋಗುತ್ತಿತ್ತು. ಡೀಸೆಲ್ ವಾಸನೆಗೆ ಆಯಿ ಮೂಗು ಮುಚ್ಚಿದಳು, ನಾವು ಮಕ್ಕಳು ಕುಣಿದೆವು. ಸಂತೆಯ ಹೆಂಗಸರು ಮತ್ತೆ ಹಿಂದಿನ ಸೀಟು ತುಂಬಿದರು. ಒಂದು ವರ್ಷಕ್ಕೂ ಮಿಕ್ಕಿ ಗಾಡಿ ಏನೂ ತಕರಾರು ತೆಗೆಯಲಿಲ್ಲ. ಲೈಟಿನ ಸ್ವಿಚ್ಚನ್ನು ಯಾರೂ ಮುಟ್ಟಲಿಲ್ಲ, ಆ ವೈರಿನಲ್ಲಿ ಕರೆಂಟು ಹರಿಯಲಿಲ್ಲ, ಹಾಗಾಗಿ ಅದು ಒಳಗೊಳಗೇ ಏನಾಗುತ್ತಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಫ್ಯೂಜು ಹಾಕಿದ್ದಾರೋ ಇಲ್ಲವೋ ಎಂದು ಕಾಕಾನನ್ನು ಅತ್ತಿ ಎರಡು ಸಲ ಕೇಳಿದ್ದಳು. "ಹಾಕ್ಯಾರಂತ" ಎಂದು ಅವನೂ ಎರಡು ಸಲ ಹೇಳಿದ್ದ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಸಾಲಿಯ ಹುಡುಗಿಯರು ಟೆನಿಕಾಯ್ಟ್ ಆಟದಲ್ಲಿ, ಅಂದರೆ ರಬ್ಬರಿನ ರಿಂಗು ಎಸೆದು ಹಿಡಿಯುವ ಆಟದಲ್ಲಿ, ತಾಲ್ಲೂಕು ಗೆದ್ದು ಜಿಲ್ಲೆಗೆ ಹೋದೆವು. ನಾಲ್ವರು ಹುಡುಗಿಯರು, ಅದರಲ್ಲಿ ನಾನೂ ಒಬ್ಬಳು. ಉಳಿದವರು ನಂದಗಡದವರು. ಹುಡುಗಿಯರನ್ನು ಬೆಳಗಾವಿಗೆ ಕಳಿಸಲು ಅವರ ಮನೆಯವರು ಒಪ್ಪಿದ್ದು ಕುಸುಮ ಅಕ್ಕಾರೇ ಗಾಡಿಯಲ್ಲಿ ಕರೆದೊಯ್ದು ಅವತ್ತೇ ಮನೆ ಮುಟ್ಟಿಸುತ್ತಾರೆ ಎಂಬ ಒಂದೇ ಭರವಸೆಯ ಮೇಲೆ. ನಾವು ಮಧ್ಯಾಹ್ನಕ್ಕೇ ಗೆದ್ದೆವು. ಬೆಳಗಾವಿಯ ದೊಡ್ಡ ಸಾಲಿಯ ಹುಡುಗಿಯರನ್ನು, ಬಿಳಿ ಬೂಟಿನವರನ್ನು, ಬರಿಗಾಲಲ್ಲಿ ಆಡಿ ಸೋಲಿಸಿದೆವು. ಅಷ್ಟಕ್ಕೇ ಹೊರಟಿದ್ದರೆ ಹೊತ್ತಿರುವಾಗಲೇ ಮನೆಯಲ್ಲಿರುತ್ತಿದ್ದೆವು. ಆದರೆ ಬಹುಮಾನ ಕೊಡಲು ಒಬ್ಬ ಮುಖ್ಯ ಅತಿಥಿ ಬರಬೇಕಿತ್ತು, ಬರಲಿಲ್ಲ. ಈಗ ಬರುತ್ತಾರೆ, ಆಗ ಬರುತ್ತಾರೆ ಎಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು. ಅತ್ತಿ ಎದ್ದು ಹೋಗಿ, "ನಮ್ಮ ಕಪ್ಪು ಈಗ ಕೊಟ್ಟ ಬಿಡ್ರಿ, ಹುಡುಗ್ಯಾರನ್ನ ದೂರ ಮುಟ್ಟಸಬೇಕು" ಎಂದು ಕೇಳಿಕೊಂಡಳು. ಗೆದ್ದವರೇ ಹೋದರೆ ಸಮಾರಂಭ ಹೇಗೆ ಎಂದರು. ಅತಿಥಿ ಬಂದು, ಹಾರ ಹಾಕಿಸಿಕೊಂಡು, ಸ್ತ್ರೀಯರು ಮುಂದೆ ಬರಬೇಕು ಎಂದು ಉದ್ದವಾಗಿ ಮಾತಾಡಿದ. ಅವನು ಮುಗಿಸುವಾಗ ಮೈದಾನದ ಮರಗಳ ನೆರಳು ಗೋಡೆ ದಾಟಿತ್ತು. ನಾವು ತಂದಿದ್ದ ರೊಟ್ಟಿಯನ್ನು ಗಾಡಿಯ ಬಾನೆಟ್ಟಿನ ಮೇಲಿಟ್ಟು ಗಬಗಬ ತಿಂದು ಮುಗಿಸಿದೆವು. ಅತ್ತಿ ತನ್ನ ಪಾಲನ್ನೂ ನಮಗೆ ಕೊಟ್ಟು ತಾನು ಒಂದೇ ತುತ್ತು ಉಂಡಳು, ನೀರು ಕುಡಿದಳು.

ಹೋಗುವುದೋ ಉಳಿಯುವುದೋ ಎಂದು ಅವಳು ಸ್ವಲ್ಪ ಹೊತ್ತು ಸ್ಟೇರಿಂಗ್ ಹಿಡಿದು ಕೂತದ್ದು ನನಗೆ ನೆನಪಿದೆ. ಉಳಿದರೆ ನಂದಗಡದಲ್ಲಿ ಮೂರು ಮನೆಯವರು ಬಾಗಿಲಿಗೆ ಬಂದು ನಿಂತಿರುತ್ತಾರೆ. ಫೋನು ಎಲ್ಲಿತ್ತು ಆಗ? ಹುಡುಗಿಯರನ್ನು ಮತ್ತೆ ಯಾವ ಆಟಕ್ಕೂ ಕಳಿಸುವುದಿಲ್ಲ. "ಅಪ್ಪಗ ಕೈ ಮುಗೀತೀನಿ, ಇದೊಂದ ಸಲ" ಎಂದು ತನ್ನಷ್ಟಕ್ಕೆ ಅಂದಳು, ಹೊರಟಳು. ದೇಸೂರು ದಾಟುವಾಗ ಕತ್ತಲಿಳಿಯಿತು. ಅತ್ತಿ ಸ್ವಿಚ್ಚೆಳೆದಳು. ಆ ಎರಡು ದೀಪಗಳು ಹೊತ್ತಿದವು! ಮುಂದಿನ ರಸ್ತೆ, ಎರಡೂ ಬದಿಯ ಮರ, ದಾಟಿ ಓಡಿದ ಒಂದು ನರಿ, ಎಲ್ಲ ಹಳದಿ ಬೆಳಕಿನಲ್ಲಿ ಮೂಡಿ ಬಂದವು. ನಾವು ನಾಲ್ವರೂ ಹೋ ಎಂದು ಕೂಗಿದೆವು. ಅತ್ತಿಯೂ ನಕ್ಕಳು. "ಎಷ್ಟ ಛಂದ ಕಾಣತೈತಿ ನೋಡ್ರೆ" ಎಂದಳು. ಆ ಮಾತು, ಆ ಮುಖ ನನ್ನ ಜೊತೆಗಿವೆ. ಅವಳು ಗಾಡಿ ನಡೆಸುತ್ತ ಕಂಡ ಒಂದೇ ಒಂದು ರಾತ್ರಿಯ ರಸ್ತೆ ಅದು.

ಗಣೇಬೈಲ ದಾಟಿದ ಮೇಲೆ ವಾಸನೆ ಬಂತು. ಅತ್ತಿಗೆ ಕೂಡಲೇ ಗೊತ್ತಾಯಿತು. ದೀಪ ಆರಿಸಿ, ಗಾಡಿಯನ್ನು ಬದಿಗೆ ತಂದು, "ಇಳೀರಿ, ಎಲ್ಲಾರೂ ಇಳೀರಿ, ದೂರ ಹೋಗ್ರಿ" ಎಂದು ಒದರಿದಳು. ಸ್ವಿಚ್ಚು ಆರಿಸಿದರೂ ಹೊಗೆ ನಿಲ್ಲಲಿಲ್ಲ. ಅವಳು ಬಾನೆಟ್ ಎತ್ತಿ ಬ್ಯಾಟರಿಯ ವೈರನ್ನು ಬರಿಗೈಯಿಂದ ಕಿತ್ತಳು. ಅಷ್ಟರಲ್ಲಿ ಒಳಗಿನ ಚರ್ಮದ ಸೀಟಿಗೆ ಬೆಂಕಿ ಹತ್ತಿತ್ತು. ನಾವು ಹೊಲದ ಬದುವಿನ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ನಿಂತು, ಅಜ್ಜನ ಗಾಡಿ ಉರಿಯುವುದನ್ನು ನೋಡಿದೆವು. ಯಾರಿಗೂ ಏನೂ ಆಗಲಿಲ್ಲ. ಅತ್ತಿಯ ಅಂಗೈ ಮಾತ್ರ ಸುಟ್ಟಿತ್ತು. ದಾರಿಯಲ್ಲಿ ಬಂದ ಕಟ್ಟಿಗೆಯ ಲಾರಿಯೊಂದು ನಮ್ಮನ್ನು ಹತ್ತಿಸಿಕೊಂಡಿತು. ಅತ್ತಿ ಮೊದಲು ನಂದಗಡಕ್ಕೆ ಹೋಗಿ ಮೂವರನ್ನೂ ಮನೆ ಮುಟ್ಟಿಸಿದಳು, ಆಮೇಲೆ ನನ್ನನ್ನು ಕರೆದುಕೊಂಡು ಖಾನಾಪುರಕ್ಕೆ ಬಂದಳು. ಅಂಗೈಗೆ ಸೆರಗು ಸುತ್ತಿಕೊಂಡಿದ್ದಳು.

ಮನೆಯಲ್ಲಿ ಯಾರೂ ಆ ಅಂಗೈಗೆ ಏನಾಯಿತು ಎಂದು ಕೇಳಲಿಲ್ಲ. ಗಾಡಿ ಸುಟ್ಟಿತು ಎಂದಾಗ ಆಯಿ ಹಣೆ ಹಣೆ ಬಡಿದುಕೊಂಡು, "ಅಪ್ಪನ ನೇಮಾ ಮುರದೆಲ್ಲ ತಾಯಿ" ಎಂದು ಅತ್ತಳು. ಮರುದಿನ ಗಂಡಸರು ಮಿಸ್ತ್ರಿಯನ್ನು ಕರೆದುಕೊಂಡು ಗಾಡಿ ಬಿದ್ದ ಜಾಗಕ್ಕೆ ಹೋದರು. ಅತ್ತಿಯೂ ಹಟ ಹಿಡಿದು ಹೊರಟಳು, ನಾನು ಅವಳ ಬೆನ್ನು ಬಿಡಲಿಲ್ಲ. ಮಿಸ್ತ್ರಿ ಕರಕಲಾದ ಒಡಲಿನೊಳಗೆ ಕೈ ಹಾಕಿ, ಎಂಜಿನ್ನಿಗೂ ಒಳಗಿನ ಜಾಗಕ್ಕೂ ನಡುವೆ ಇರುವ ತಗಡಿನ ತೂತನ್ನು ತೋರಿಸಿದ. ಅಲ್ಲಿ ಹಳೆಯ ಕಂದು ವೈರು ತಗಡಿಗೆ ತಿಕ್ಕಿ ತಿಕ್ಕಿ ಬರಿದಾಗಿತ್ತು, ತಾಮ್ರದ ಎಳೆಗಳು ತಗಡಿಗೇ ಕರಗಿ ಅಂಟಿದ್ದವು. ಎಂಜಿನ್ನಿನ ಕಡೆಯ ಹೊಸ ವೈರುಗಳಲ್ಲಿ ಅರ್ಧದಷ್ಟು ಇನ್ನೂ ಬಣ್ಣ ಉಳಿಸಿಕೊಂಡಿದ್ದವು.

"ಇದು ಲೈಟಿನ ವೈರ್ ಅಲ್ಲೇನ್ರಿ?" ಎಂದು ಅತ್ತಿ ಕೇಳಿದಳು.

"ಹೌದ್ರಿ."

"ಫ್ಯೂಜ್ ಎಲ್ಲೈತಿ?"

ಮಿಸ್ತ್ರಿ ಕಾಕಾನ ಮುಖ ನೋಡಿದ. ಕಾಕಾ ಹೊಲದ ಕಡೆ ನೋಡಿದ. ಆಮೇಲೆ ತಿರುಗಿ, ಕೋರ್ಟಿನಲ್ಲಿ ವಕೀಲರು ಕೊನೆಯ ಮಾತು ಆಡುವ ಗತ್ತಿನಲ್ಲಿ ಹೇಳಿದ, "ಲೈಟ್ ಹಚ್ಚಿದ್ದಕ್ಕ ಸುಟ್ಟಿತು, ಖರೇ ಹೌದಲ್ಲ? ಹಚ್ಚಲಿಲ್ಲಂದ್ರ ಸುಡತಿತ್ತೇನು? ವರ್ಷಾನಗಟ್ಟಲೆ ಏನೂ ಆಗಿದ್ದಿಲ್ಲ. ಹೊತ್ತು ಮೀರಿಸಿ ಬಂದದ್ದ ಯಾರು?"

ನೀವೇ ಹೇಳಿ, ಈ ಮಾತಿಗೆ ಏನು ಉತ್ತರ ಕೊಡುತ್ತೀರಿ? ದೀಪವೆಂದು ಹೆಸರಿಟ್ಟು ಗಾಡಿಯ ಮುಂದೆ ಎರಡು ಕೂರಿಸಿದ ಮೇಲೆ ಅದನ್ನು ಹಚ್ಚಿದವಳದೇ ತಪ್ಪೇ? ಪೂರಾ ಹೊಸದು ಕಟ್ಟಿಸು ಎಂದು ಅಂಗಲಾಚಿದವಳು ಯಾರು, ಉರಿಯಲಾರದ ದೀಪಕ್ಕೆ ವೈರು ಯಾಕೆ ಎಂದು ನಕ್ಕವನು ಯಾರು? ಹುಡುಗಿಯಾದ ನನಗೆ ಇದೆಲ್ಲ ಬಾಯಿಗೆ ಬಂತು, "ಅತ್ತಿ ಅವತ್ತ ಹೇಳಿದ್ಲು, ಕಾಕಾ" ಎಂದು ಕೂಗಿಯೇ ಬಿಟ್ಟೆ. "ಏ ಪದ್ಮಿ, ದೊಡ್ಡಾವ್ರ ಮಾತಿನ್ಯಾಗ ಬರಬ್ಯಾಡ" ಎಂದ ಅಪ್ಪ. ಅವತ್ತು ಅಪ್ಪ ಆಡಿದ ಮಾತು ಅದೊಂದೇ. ಮಿಸ್ತ್ರಿ ಕೈ ಒರೆಸಿಕೊಂಡು, "ಗಾಡಿ ಹಳೇದ್ರಿ, ಆಯುಷ್ಯ ಮುಗದಿತ್ತು" ಎಂದು ಗಾಡಿಯ ಮೇಲೆಯೇ ಹಾಕಿ ತಾನು ಪಾರಾದ.

ಆ ಮಾತು ಮನೆಯಲ್ಲಿ ಊರಿಕೊಂಡಿತು. ಬಂದವರೆಲ್ಲರ ಮುಂದೆ ಅದೇ ಕತೆ: ಅಪ್ಪನ ನೇಮ ಮುರಿದಳು, ಗಾಡಿ ಸುಟ್ಟಳು. ಗಂಡನ ಮನೆಯಲ್ಲೂ ಹೀಗೇ ಯಾರ ಮಾತೂ ಕೇಳಲಿಲ್ಲವಂತೆ ಎಂದು ಹಿಂದಿನದನ್ನೂ ತೆಗೆದು ಜೋಡಿಸಿದರು. ಬಸದಿಯ ಕಟ್ಟೆಯ ಮೇಲೂ ಅದೇ ಮಾತಾಯಿತು. ವೈರಿಂಗಿನ ಹೆಸರೆತ್ತಿದವರು ಒಬ್ಬರೂ ಇಲ್ಲ. ಅತ್ತಿ ಮೊದಮೊದಲು ವಾದಿಸಿದಳು, ಫ್ಯೂಜಿನ ಮಾತು ತೆಗೆದಳು. "ಈಗ ಅದನ್ನ ತಗೊಂಡು ಏನ್ ಮಾಡ್ತಿ, ಬಿಡಬೇ" ಎಂದು ಆಯಿ ತಡೆದಳು. ಬರಬರುತ್ತ ಅವಳು ಸುಮ್ಮನಾದಳು. ನಂದಗಡಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು, ನಾಲ್ಕೂವರೆಯ ಬಸ್ಸು ತಪ್ಪಿದರೆ ಎಂದು ಕೊನೆಯ ಪಿರಿಯಡ್ಡಿನಲ್ಲೇ ಚಡಪಡಿಸುತ್ತಿದ್ದಳು. ಟೆನಿಕಾಯ್ಟ್ ತಂಡ ಮತ್ತೆ ಬೆಳಗಾವಿ ನೋಡಲಿಲ್ಲ. ಸಂತೆಯ ಹೆಂಗಸರು ಬಸ್ಸಿನಲ್ಲಿ ಅವಳಿಗೆ ಜಾಗ ಬಿಡುತ್ತಿದ್ದರು, ಗಾಡಿ ಅಕ್ಕಾರ ಎಂದೇ ಕರೆಯುತ್ತಿದ್ದರು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕಾಕಾ ಏನು ಮಾಡಿದ ಗೊತ್ತೇ? ಎರಡು ದೀಪಾವಳಿ ಕಳೆಯುವುದರೊಳಗೆ ಹೊಸ ಗಾಡಿ ತಂದ. ಅಂಗಡಿಯ ಮಾಲಿಗೆಂದು ರಾತ್ರಿಯೇ ಲೋಂಡಾದ ಕಾಡು ದಾಟಿ ಗೋವಾಕ್ಕೆ ಹೋಗುತ್ತಿದ್ದ. ಮುಂಜಾನೆ ಅದರ ಗಾಜಿಗೆ ಅಂಟಿದ ಹುಳಗಳನ್ನು ಆಳು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಆಯಿ ಜಗುಲಿಯಲ್ಲಿ ಕೂತು ಅದನ್ನು ನೋಡುತ್ತ ಜಪ ಮಾಡುತ್ತಿದ್ದಳು. ಆಗ ಯಾವ ನೇಮವೂ ಮುರಿಯಲಿಲ್ಲ. ವ್ಯಾಪಾರ ಅಂದರೆ ಹೊತ್ತುಗೊತ್ತು ನೋಡಲಿಕ್ಕಾಗುತ್ತದೆಯೇ ಎಂದರು. ನಾನು ಆ ಒದ್ದೆ ಬಟ್ಟೆಯನ್ನು ಆಯಿಯ ಮುಂದೆ ತಂದು ಹಿಡಿದೆ. ಅವಳು ಮುಖ ತಿರುಗಿಸಿದಳು, ಜಪಮಣಿ ಮಾತ್ರ ನಿಲ್ಲಲಿಲ್ಲ.

ಎಂಬತ್ತರ ದಶಕದ ಕೊನೆಗೆ ಆ ಮನೆ ಚದುರಿತು. ಆಯಿ ಇರಲಿಲ್ಲ. ಅಂಗಡಿ ಬೆಳಗಾವಿಗೆ ಹೋಯಿತು, ಅದರ ಹಿಂದೆ ಕಾಕಾನ ಸಂಸಾರ ಹೋಯಿತು. ಅಪ್ಪ ಅಮ್ಮ ಟಿಳಕವಾಡಿಯಲ್ಲಿ ಬಾಡಿಗೆ ಮನೆ ಹಿಡಿದರು, ಅತ್ತಿಯೂ ಅವರೊಂದಿಗೆ ಬಂದಳು. ಖಾನಾಪುರದ ಮನೆಯನ್ನು ಹಂಚಿನ ಭಟ್ಟಿಯವರೊಬ್ಬರು ಕೊಂಡರು, ಕೆಡವಿ ಗೋದಾಮು ಕಟ್ಟುವವರಿದ್ದರು. ನಾನು ಆಗ ಬೆಳಗಾವಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ, ಒಂದು ಸಣ್ಣ ಗಾಡಿ ತೆಗೆದುಕೊಂಡಿದ್ದೆ, ಸ್ವಂತದ್ದು. ಮನೆ ಕೆಡವುವ ಮುಂಚೆ ಒಮ್ಮೆ ನೋಡಿ ಬರೋಣ ಎಂದು ಒಂದು ಮಧ್ಯಾಹ್ನ ಅತ್ತಿಯನ್ನು ಹೊರಡಿಸಿದೆ. ಓಣಿಯ ತುದಿ ದಾಟಿದ ಮೇಲೆ ಗಾಡಿ ನಿಲ್ಲಿಸಿ ಇಳಿದೆ, ಕೀಲಿಕೈಯನ್ನು ಅವಳ ಕೈಗಿಟ್ಟೆ. "ನೀ ನಡಸು ಅತ್ತಿ" ಎಂದೆ.

ಅವಳು ಬಹಳ ಹೊತ್ತು ಆ ಕೀಲಿಕೈ ನೋಡಿದಳು. ಆಮೇಲೆ ಇಳಿದು, ಸುತ್ತಿಬಂದು, ಸೆರಗನ್ನು ನಡುವಿಗೆ ಸಿಗಿಸಿ ಕೂತಳು, ನಾನು ಪಕ್ಕದ ಸೀಟಿಗೆ ಬಂದೆ. ಸೀಟನ್ನು ಮುಂದೆ ಎಳೆದುಕೊಂಡಳು, ಕನ್ನಡಿ ಸರಿಮಾಡಿದಳು. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟಳು. ಅವಳು ತಲೆ ಬಗ್ಗಿಸಿ ಮುಂದಿನ ಗಾಜಿನಿಂದ ಆಕಾಶ ನೋಡಿದಳು.

"ಹೊತ್ತು ಮುಳುಗೂದ್ರಾಗ ತಿರುಗಿ ಬರ್ತೀವಿಲ್ಲ?"

ಗಡಿಯಾರದಲ್ಲಿ ಎರಡೂ ಆಗಿರಲಿಲ್ಲ. ಹೋಗುವುದು ಒಂದು ತಾಸಿನ ದಾರಿ. ನಾನು ನಗುತ್ತಲೇ ಅಂದೆ, "ಹೊತ್ತು ಆದ್ರ ಆಗವಲ್ದ್ಯಾಕ. ಇದರ ವೈರಿಂಗ್ ಪೂರಾ ಹೊಸಾದು ಐತಿ. ಫ್ಯೂಜ್ ಅದಾವು, ನಾನ ನೋಡೀನಿ. ರಾತ್ರೆಲ್ಲಾ ಲೈಟ್ ಹಚ್ಚಿದ್ರೂ ಏನೂ ಆಗೂದಿಲ್ಲ."

ಅತ್ತಿ ಸ್ಟೇರಿಂಗಿನಿಂದ ಕೈ ತೆಗೆದಳು. ಕೀಲಿಕೈಯನ್ನು ಮೆಲ್ಲಗೆ ನನ್ನ ಮಡಿಲಲ್ಲಿಟ್ಟಳು.

"ವೈರಿಂಗಿಂದೇನಿತ್ತು ತಂಗಿ," ಎಂದಳು. "ತಪ್ಪು ನಂದ ಇತ್ತಲ್ಲ. ಹೊತ್ತು ಮೀರಿಸಿದಾಕಿ ನಾನ."

ಹಾಗೆಂದು ಬಾಗಿಲು ತೆರೆದು ಇಳಿದು, ಸೆರಗು ಬಿಡಿಸಿ ಹೊದ್ದುಕೊಂಡು, ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ರಬ್ಬರು ಪುಡಿಯಾಗಿ ತನ್ನ ಬಿಳಿ ಸೀರೆಯ ಮೇಲೆ ಉದುರಿದ್ದನ್ನು ಕಣ್ಣಾರೆ ಕಂಡವಳು ಅವಳೇ. ಕಾಕಾ ಆ ಮಾತು ಹೇಳಿದ್ದನ್ನು ನಾನು ಯಾವತ್ತಾದರೂ ಕ್ಷಮಿಸಿಯೇನು. ಅವಳ ಬಾಯಿಂದ ಅದನ್ನು ಹೇಳಿಸಿದ್ದನ್ನು ಹೇಗೆ ಕ್ಷಮಿಸಲಿ? ನಾನು ಗಾಡಿ ನಡೆಸಿದೆ. ಖಾನಾಪುರ ಮುಟ್ಟಿದಾಗ ನಮ್ಮ ಅಂಗಳದ ತುಂಬ ಬಿಸಿಲಿತ್ತು.